127 ಅವಿಭಾಜ್ಯ ಹೌದೋ ಅಲ್ವೋ, ಹೀಗೆ ನೋಡಿ

ಕಲಬುರಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನಮ್ಮೂರ ಪಿನ್‌ಕೋಡ್ 585101 ಅವಿಭಾಜ್ಯ ಅಲ್ಲ, 11ರಿಂದ ಭಾಗ ಹೋಗುತ್ತದೆ. ಅಷ್ಟೇ. ಆದರೆ 2ರ ಘಾತದಲ್ಲಿ 1 ಕಳೆದು ಬರುವ ಸಂಖ್ಯೆಗಳಿಗೆ ಲೂಕಾಸ್-ಲೆಹ್ಮರ್ ಪರೀಕ್ಷೆ ಇದೆ. ನನಗಂತೂ ಅದು ತುಂಬಾ ಇಷ್ಟ.

ಘಾತ ಬೆಸ ಅವಿಭಾಜ್ಯವೇ ಆಗಿರಬೇಕು. 7 ತಗೊಳ್ಳಿ: ಏಳು 2ಗಳನ್ನು ಗುಣಿಸಿದರೆ 128, ಅದರಲ್ಲಿ 1 ಹೋದರೆ 127. ಈಗ 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, 127ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಆ ಶೇಷಕ್ಕೂ ಹಾಗೇ ಮಾಡಿ. ಘಾತಕ್ಕಿಂತ ಎರಡು ಕಡಿಮೆ, ಅಂದರೆ 5 ಸಲ: 14, 67, 42, 111, 0. ಕೊನೆಗೆ ಸೊನ್ನೆ ಬಂತಲ್ವಾ? 127 ಅವಿಭಾಜ್ಯ!

2024ರಲ್ಲಿ ಸಿಕ್ಕ, 4 ಕೋಟಿಗೂ ಜಾಸ್ತಿ ಅಂಕಿಗಳ ಅವಿಭಾಜ್ಯವನ್ನೂ ಇದೇ ಪರೀಕ್ಷೆಯಿಂದ ಖಚಿತಪಡಿಸಿದರು. ಅದರ ಘಾತ 13,62,79,841.

ನೀವು ಘಾತ 11 ಇಟ್ಟು ಮಾಡಿ. 2047ಕ್ಕೆ ಸೊನ್ನೆ ಬರುವುದಿಲ್ಲ, ಅದು 23 × 89.