ಹಾಸನಕ್ಕೊಂದು ಬಾವುಟ: ನನ್ನ ಅನುಭವ

ಹಾಸನ ನಗರಕ್ಕೆ ತನ್ನದೇ ಆದ ಬಾವುಟವೊಂದಿರಲಿ ಎಂದು ಬಡಾವಣೆಯ ಗೆಳೆಯರು ಬಯಸಿದಾಗ, ಬಾವುಟ ಹೊಲಿಯುವ ಕಸುಬಿನವನಾದ ನಾನು ಅದರ ವಿನ್ಯಾಸದ ಹೊಣೆಯನ್ನೂ ವಹಿಸಿಕೊಂಡೆ. ಹುಲಿಯೊಡನೆ ಸೆಣಸುವ ಸಳ, ಹಾಸನಾಂಬೆಯ ದೀಪ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ಆಲೂಗಡ್ಡೆ ಬೆಳೆ ಹೀಗೆ ಸಲಹೆಗಳು ಬಂದವು. ಎಲ್ಲವೂ ಊರಿನ ಹೆಮ್ಮೆಯೇ ಸರಿ, ಆದರೆ ಎಲ್ಲವನ್ನೂ ಒಂದೇ ಬಟ್ಟೆಗೆ ಏರಿಸಿದರೆ ಅದು ಮಾಹಿತಿ ಫಲಕವಾಗುತ್ತದೆ. ಗಾಳಿಗೆ ಮಡಚಿ ಬಿಚ್ಚಿಕೊಳ್ಳುವ ಬಟ್ಟೆಯ ಮೇಲೆ ಸಳನ ಶಿಲ್ಪದ ಸೂಕ್ಷ್ಮ ಗೆರೆಗಳು ಬೀದಿಯ ಆ ತುದಿಯಿಂದ ಕಾಣುವುದೇ ಇಲ್ಲ.

1917ರಲ್ಲಿ ಅಂಗೀಕೃತವಾದ ಶಿಕಾಗೊ ನಗರದ ಬಾವುಟದಲ್ಲಿ ಒಂದಕ್ಷರವೂ ಇಲ್ಲ. ಬಿಳಿಯ ಮೇಲಿನ ಎರಡು ತಿಳಿನೀಲಿ ಪಟ್ಟೆಗಳು ಆ ಊರಿನ ನೀರನ್ನು ಸೂಚಿಸಿದರೆ, ನಡುವಿನ ಕೆಂಪು ನಕ್ಷತ್ರಗಳು ಅದರ ಚರಿತ್ರೆಯನ್ನು ಹೇಳುತ್ತವೆ; 1871ರ ಮಹಾ ಅಗ್ನಿ ದುರಂತಕ್ಕೂ ಅಲ್ಲೊಂದು ನಕ್ಷತ್ರವಿದೆ. ಕಳೆದುಕೊಂಡದ್ದನ್ನೂ ಬಾವುಟದಲ್ಲಿ ನೆನೆಯುವ ಆ ಊರಿನ ಬಗ್ಗೆ ನನಗೆ ಬಹಳ ಗೌರವವಿದೆ.

ನಾನು ಆರಿಸಿಕೊಂಡದ್ದು ಹೊಯ್ಸಳರ ನಕ್ಷತ್ರಾಕಾರದ ತಳವಿನ್ಯಾಸವನ್ನು. ಚೌಕವೊಂದನ್ನು ಅದರ ಕೇಂದ್ರದ ಸುತ್ತ ತಿರುಗಿಸುತ್ತಾ ಹೋದಂತೆ ಮೂಡುವ ಮೂಲೆಗಳಿಂದಲೇ ಆ ಶಿಲ್ಪಿಗಳು ಗುಡಿಯ ಸುತ್ತಳತೆಯನ್ನು ನಿರ್ಧರಿಸುತ್ತಿದ್ದರು. ಗುಡಿಗಳಲ್ಲಿ ಹೆಚ್ಚು ಮೂಲೆಗಳಿರುವುದುಂಟು; ಬಾವುಟಕ್ಕೆ ಎಂಟು ಸಾಕೆಂದು ನಿಶ್ಚಯಿಸಿದೆ. ಒಂದೇ ಅಳತೆಯ ಎರಡು ಚೌಕಗಳಲ್ಲಿ ಒಂದನ್ನು 45 ಡಿಗ್ರಿ ತಿರುಗಿಸಿ ಇನ್ನೊಂದರ ಮೇಲಿಟ್ಟರೆ ಆ ನಕ್ಷತ್ರ ಸಿದ್ಧ; ಶಾಲೆಯ ಮಗುವೂ ಸ್ಕೇಲು ಹಿಡಿದು ಬರೆಯಬಲ್ಲದು. ಮೂಲೆಗಳು ಹೆಚ್ಚಾದಷ್ಟೂ ಹೊಲಿಗೆಯಲ್ಲಿ ತುದಿಗಳು ಮೊಂಡಾಗಿ, ನಕ್ಷತ್ರವು ಉರುಟು ಬಿಲ್ಲೆಯಂತೆ ಕಾಣತೊಡಗುತ್ತದೆ.

ಬಣ್ಣದ ಆಯ್ಕೆಗೆ ನೆಲವೇ ಆಧಾರ. ಜಿಲ್ಲೆಯ ಪಶ್ಚಿಮಕ್ಕೆ ಸಕಲೇಶಪುರದ ಮಲೆನಾಡು, ಪೂರ್ವಕ್ಕೆ ಅರಸೀಕೆರೆಯ ಬಯಲುಸೀಮೆ ಇರುವುದರಿಂದ, ಕೋಲಿನ ಬದಿಯ ಅರ್ಧಕ್ಕೆ ಕಡುಹಸಿರನ್ನೂ ಹಾರುವ ಬದಿಯ ಅರ್ಧಕ್ಕೆ ಕೆಮ್ಮಣ್ಣಿನ ಬಣ್ಣವನ್ನೂ ಕೊಟ್ಟೆ. ದೂರದಿಂದ ಇವೆರಡೂ ಒಂದರಲ್ಲೊಂದು ಬೆರೆತು ಮಂಕಾಗುವುದರಿಂದ, ನಡುವೆ ಹೇಮಾವತಿಯ ನೆನಪಿಗೆಂದು ಕಿರಿದಾದ ಬಿಳಿ ಪಟ್ಟಿಯನ್ನಿಟ್ಟು, ಅದರ ಮೇಲೆ ಬಿಳಿಯ ನಕ್ಷತ್ರವನ್ನು ಕೂರಿಸಿದೆ. ಬಳಪದ ಕಲ್ಲಿನ ಬೂದು ಬಣ್ಣ ಗುಡಿಗೆ ಹತ್ತಿರವಾದರೂ, ಹಸಿರು ಕೆಂಪುಗಳ ನಡುವೆ ಅದು ಎದ್ದು ಕಾಣುವುದಿಲ್ಲ.

ನಕ್ಷತ್ರವು ಎರಡೂ ಬದಿಗಳಿಂದ ಕಾಣಬೇಕಲ್ಲವೇ? ಅದಕ್ಕಾಗಿ ಬಿಳಿ ಬಟ್ಟೆಯನ್ನು ಮುಂಬದಿಗೆ ಇಟ್ಟು, ಅಂಚಿನುದ್ದಕ್ಕೂ ಒತ್ತಾದ ಜಿಗ್‌ಜ್ಯಾಗ್ ಹೊಲಿಗೆ ಹಾಕಿ, ಬಳಿಕ ಹಿಂಬದಿಯ ಬಣ್ಣದ ಬಟ್ಟೆಯನ್ನು ಹೊಲಿಗೆಯ ಒಳಗಿನಿಂದ ಸಣ್ಣ ಕತ್ತರಿಯಲ್ಲಿ ಕತ್ತರಿಸಿ ತೆಗೆದೆ. ಹೀಗೆ ಮಾಡಿದರೆ ನಕ್ಷತ್ರಕ್ಕೆ ಒಂದೇ ಪದರ ಉಳಿಯುವುದರಿಂದ ಬಾವುಟ ಭಾರವಾಗಿ ಜೋಲುವುದಿಲ್ಲ. ಗಾಳಿಗೆ ಮೊದಲು ಹರಿಯುವುದು ಹಾರುವ ತುದಿಯಾದ್ದರಿಂದ ಅಲ್ಲಿ ಅಂಚನ್ನು ಎರಡು ಬಾರಿ ಮಡಚಿ ಹೊಲಿದು, ಕೋಲಿನ ಬದಿಗೆ ದಪ್ಪ ಕ್ಯಾನ್ವಾಸಿನ ಪಟ್ಟಿ ಕೊಟ್ಟೆ.

ಬಾವುಟವನ್ನು ಒಪ್ಪಿಸುವಾಗ ಗೆಳೆಯರಿಗೆ ಒಂದು ಮಾತನ್ನು ಒತ್ತಿ ಹೇಳಿದೆ. 2002ರ ಭಾರತದ ಧ್ವಜ ಸಂಹಿತೆಯಂತೆ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಬೇರಾವ ಬಾವುಟವೂ ಇರಕೂಡದು. ಆದ್ದರಿಂದ ರಾಷ್ಟ್ರೀಯ ಹಬ್ಬಗಳಂದು ಇದನ್ನು ಬೇರೆ ಸ್ಥಳದಲ್ಲಿ, ತಗ್ಗಾದ ಕಂಬಕ್ಕೆ ಕಟ್ಟಬೇಕು.