ಕಾಲೇಜು ಪ್ರಯೋಗಾಲಯದಲ್ಲಿ ಆಮ್ಲದ ಲೆಕ್ಕ ಇಟ್ಟ ನನ್ನ ಅನುಭವ

ಆ್ಯಸಿಡ್ ದಾಳಿಗೊಳಗಾದ ಲಕ್ಷ್ಮಿ ಹೂಡಿದ್ದ ಪ್ರಕರಣದಲ್ಲಿ 2013ರ ಜುಲೈ 18ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶವು ಆ್ಯಸಿಡ್ ಮಾರುವ ಅಂಗಡಿಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ತಿಳಿದವರು ಬಹಳ. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಉದ್ದೇಶ ಬರೆದುಕೊಳ್ಳಬೇಕು, 18 ವರ್ಷ ತುಂಬದವರಿಗೆ ಮಾರಬಾರದು ಎಂದು ಹೇಳಿದ ಅದೇ ಆದೇಶ ಶಿಕ್ಷಣ ಸಂಸ್ಥೆಗಳಿಗೂ ಹೊಣೆ ವಹಿಸಿದೆ. ಬಳಕೆಯ ರಿಜಿಸ್ಟರ್ ಇಟ್ಟು ಉಪವಿಭಾಗ ದಂಡಾಧಿಕಾರಿಗೆ ಸಲ್ಲಿಸಬೇಕು, ದಾಸ್ತಾನಿಗೆ ಒಬ್ಬರು ಉತ್ತರದಾಯಿಯಾಗಿರಬೇಕು, ಪ್ರಯೋಗಾಲಯದಿಂದ ಹೊರಹೋಗುವವರ ತಪಾಸಣೆ ನಡೆಯಬೇಕು. ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಈ ಕೆಲಸ ರಸಾಯನಶಾಸ್ತ್ರ ಉಪನ್ಯಾಸಕನಾದ ನನಗೆ ಬಂತು.

‘ಒಂದು ಬಾಟಲಿ ಖರ್ಚು’ ಎಂದು ಬರೆದರೆ ರಿಜಿಸ್ಟರ್ ತುಂಬುತ್ತದೆ, ಆದರೆ ನಡುವೆ ಕಾಲು ಲೀಟರ್ ಕಾಣೆಯಾದರೆ ಅದು ಎಂದೂ ತಿಳಿಯುವುದಿಲ್ಲ. ಆದ್ದರಿಂದ ನಾನು ತೂಕದ ಲೆಕ್ಕವನ್ನು ಆರಿಸಿಕೊಂಡೆ. ಸಾರೀಕೃತ (ಗಾಢ) ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.84 ಗ್ರಾಂ ಆಗಿರುವುದರಿಂದ, ಬಾಟಲಿಯ ತೂಕ 184 ಗ್ರಾಂ ಇಳಿದಿದ್ದರೆ 100 ಮಿಲಿಲೀಟರ್ ಹೊರಬಂದಿದೆ ಎಂದು ಮುಚ್ಚಳ ತೆರೆಯದೆಯೇ ಹೇಳಬಹುದು. ಮುಚ್ಚಳ ಸಡಿಲವಾದರೆ ಈ ಆಮ್ಲ ಗಾಳಿಯ ತೇವವನ್ನು ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಹೊಗೆಯಾಡಿ ತೂಕ ಕಳೆದುಕೊಳ್ಳುತ್ತದೆ. ಇಂಥ ಸಣ್ಣ ವ್ಯತ್ಯಾಸಗಳಿಗೆ ಕಾರಣವನ್ನು ಪಕ್ಕದ ಅಂಕಣದಲ್ಲಿ ಬರೆಯುತ್ತೇವೆ. ಪ್ರತಿ ನಮೂದಿಗೂ ಪ್ರಯೋಗಾಲಯ ಸಹಾಯಕರು ಮತ್ತು ನಾನು ಇಬ್ಬರೂ ಸಹಿ ಹಾಕುತ್ತೇವೆ.

ಲೆಕ್ಕ ಇಡಲು ತೊಡಗಿದ ಮೇಲೆ ಪಾಠದ ಕ್ರಮವೂ ಬದಲಾಯಿತು. ಲವಣದಲ್ಲಿ ಏನೇನಿದೆ ಎಂದು ಪತ್ತೆಹಚ್ಚುವ ಲವಣ ವಿಶ್ಲೇಷಣೆಗೆ ಬೇಕಾಗುವ ಸಾರೀಕೃತ ಆಮ್ಲ ಕೆಲವೇ ಹನಿಗಳಷ್ಟು. ಹೀಗಾಗಿ ದೊಡ್ಡ ಬಾಟಲಿಗಳು ಬೀಗ ಹಾಕಿದ ಕಪಾಟಿನಲ್ಲೇ ಉಳಿದವು, ಮೇಜುಗಳಿಗೆ ಸಂಖ್ಯೆ ಬರೆದ ಚಿಕ್ಕ ಡ್ರಾಪರ್ ಬಾಟಲಿಗಳು ಬಂದವು. ಸಾರರಿಕ್ತ (ನೀರು ಬೆರೆತು ತೆಳುವಾದ) ದ್ರಾವಣಗಳನ್ನು, ಆಮ್ಲವನ್ನೇ ನೀರಿಗೆ ನಿಧಾನವಾಗಿ ಸೇರಿಸಿ, ತರಗತಿಗೆ ಮೊದಲೇ ನಾವೇ ಸಿದ್ಧಪಡಿಸುತ್ತೇವೆ. 2 ಮೋಲಾರ್ (ದ್ರಾವಣ ಎಷ್ಟು ಗಾಢ ಎಂಬುದರ ಅಳತೆ) ಸಲ್ಫ್ಯೂರಿಕ್ ಆಮ್ಲ ಒಂದು ಲೀಟರ್ ಮಾಡಲು 18 ಮೋಲಾರಿನ ಸಾರೀಕೃತ ಆಮ್ಲ ಸುಮಾರು 111 ಮಿಲಿಲೀಟರ್ ಸಾಕು. ಖರೀದಿ ತಾನಾಗಿಯೇ ಕಡಿಮೆಯಾಯಿತು.

ತಪಾಸಣೆಯ ವಿಷಯದಲ್ಲಿ ನನಗೆ ಹೆಚ್ಚು ಯೋಚಿಸಬೇಕಾಯಿತು. ಹದಿನೇಳರ ಹರೆಯದ ಮಕ್ಕಳ ಚೀಲಗಳನ್ನು ದಿನವೂ ತಡಕುವುದು ಅವರನ್ನು ಆರೋಪಿಗಳಂತೆ ಕಾಣುವುದಾಗುತ್ತದೆ. ಚೀಲಗಳನ್ನು ಹೊರಗಿನ ಕಪಾಟಿನಲ್ಲಿ ಇಡಿಸಿ, ಪ್ರತಿ ಮೇಜಿನ ಬಾಟಲಿಗಳನ್ನು ಎಣಿಸಿ, ಅವುಗಳಲ್ಲಿರುವ ಮಟ್ಟ ನೋಡಿದ ನಂತರವೇ ಬಾಗಿಲು ತೆರೆಯುವ ಪದ್ಧತಿಯನ್ನು ತಂದೆವು. ಕಾರಣವನ್ನು ವಿದ್ಯಾರ್ಥಿಗಳಿಗೆ ಮೊದಲ ತರಗತಿಯಲ್ಲೇ ತಿಳಿಸುತ್ತೇನೆ. ಆ್ಯಸಿಡ್ ದಾಳಿಗೆ ಕನಿಷ್ಠ 10 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ 2013ರಿಂದಲೇ ಇದೆ ಎಂಬುದನ್ನು ಹೇಳುವಾಗ, ದಾಳಿಗೊಳಗಾದವರು ಎದುರಿಸುವ ಸಾಲುಸಾಲು ಶಸ್ತ್ರಚಿಕಿತ್ಸೆಗಳ ವಿಷಯವನ್ನೂ ಹೇಳುತ್ತೇನೆ. ಶಿಕ್ಷೆಯ ಅವಧಿಗಿಂತ ಅದು ವಿದ್ಯಾರ್ಥಿಗಳನ್ನು ಆಳವಾಗಿ ತಟ್ಟುತ್ತದೆ.

ಶೌಚಾಲಯ ತೊಳೆಯುವ ಆಮ್ಲವನ್ನು ಏನೂ ಕೇಳದೆ ಕೈಗಿಡುವ ಅಂಗಡಿ ಊರಿನಲ್ಲಿ ಒಂದಿದ್ದರೂ ನಮ್ಮ ಬೀಗದಿಂದ ಸಿಗುವ ರಕ್ಷಣೆ ಅರ್ಧ ಮಾತ್ರ. ಆದ್ದರಿಂದ ನಮ್ಮ ಕಾಲೇಜಿನ ಶುಚಿತ್ವಕ್ಕೆ ಅಂಥ ಆಮ್ಲ ಕೊಳ್ಳುವುದನ್ನು ನಿಲ್ಲಿಸಲು ಪ್ರಾಂಶುಪಾಲರನ್ನು ಒಪ್ಪಿಸಿದೆ. ಖಾಲಿ ಬಾಟಲಿಗಳೂ ಈಗ ರಿಜಿಸ್ಟರಿನಲ್ಲಿ ಸೇರಿವೆ: ಚೆನ್ನಾಗಿ ತೊಳೆದು, ಆ ನೀರನ್ನು ಸೋಡಾದಿಂದ ತಟಸ್ಥಗೊಳಿಸಿ, ಲೇಬಲ್ ಕಿತ್ತ ಬಳಿಕವಷ್ಟೇ ಅವು ಗುಜರಿಗೆ ಹೋಗುತ್ತವೆ.