ದೊಡ್ಡ ಟೈರ್ ಹಾಕಿದ್ಮೇಲೆ ಬಂಡೆ ಹತ್ತದೇ ಇದ್ದ ಗಾಡಿ ಹೀಗೆ ಸರಿಯಾಯ್ತು

ನನ್ನ ಫೋರ್ ವೀಲ್ ಡ್ರೈವ್ ಗಾಡಿಗೆ 31 ಇಂಚಿನ ಟೈರ್ ತೆಗೆದು 37 ಹಾಕಿಸಿದ್ಮೇಲೆ ಬಂಡೆ ಏರೋವಾಗ ಗಾಡಿ ಏದುಸಿರು ಬಿಡೋಕೆ ಶುರು ಮಾಡ್ತು, ನಿಧಾನ ಬಿಟ್ರೆ ಇಂಜಿನ್ ಆಫ್, ಆಕ್ಸಿಲರೇಟರ್ ಒತ್ತಿದ್ರೆ ಒಂದೇ ಸಲ ಜಿಗಿಯೋದು, ಹಂಗೆ ಜಿಗಿದು ಬಿದ್ರೆ ಆಕ್ಸಲ್ ಶಾಫ್ಟ್ ಮುರಿಯೋ ಚಾನ್ಸ್ ಜಾಸ್ತಿ. ಇಂಜಿನ್ ಪವರ್ ಸಾಲಲ್ಲ ಅಂದ್ರು ಕೆಲವರು, ನಂಗೆ ಹಂಗನ್ಸಿಲ್ಲ. ತೊಂದರೆ ಇದ್ದಿದ್ದು ಗೇರಿಂಗ್‌ನಲ್ಲಿ, ಟೈರ್ ದೊಡ್ಡದಾದಷ್ಟೂ ಅದನ್ನ ತಿರುಗಿಸೋಕೆ ಗೇರ್ ರೇಶಿಯೋನೂ ಜಾಸ್ತಿ ಬೇಕು.

ಲೆಕ್ಕ ಸುಲಭ. ಹಳೇ ಆಕ್ಸಲ್ ರೇಶಿಯೋ (ಚಕ್ರ ಒಂದು ಸುತ್ತು ತಿರುಗೋಕೆ ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಲೆಕ್ಕ) 4.10, ಅದನ್ನ 37ರಿಂದ ಗುಣಿಸಿ 31ರಿಂದ ಭಾಗಿಸಿದ್ರೆ ಸುಮಾರು 4.89 ಬರುತ್ತೆ, ಹಾಗಾಗಿ 4.88 ರಿಂಗ್-ಪಿನಿಯನ್ ಸೆಟ್ (ಆಕ್ಸಲ್ ಒಳಗಿನ ಗೇರ್ ಜೋಡಿ) ಹಾಕಿಸ್ದೆ. ಹಿಂದೆ ಮುಂದೆ ಎರಡೂ ಆಕ್ಸಲ್‌ಗೆ ಒಂದೇ ರೇಶಿಯೋ ಇರ್ಲೇಬೇಕು, ಇಲ್ಲಾಂದ್ರೆ ಫೋರ್ ವೀಲ್ ಹಾಕಿದಾಗ ಎರಡೂ ಆಕ್ಸಲ್ ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ (ಪವರ್‌ನ ಎರಡೂ ಆಕ್ಸಲ್‌ಗೆ ಹಂಚೋ ಗೇರ್ ಪೆಟ್ಟಿಗೆ) ಹಾಳಾಗುತ್ತೆ. ಫಸ್ಟ್ ಗೇರ್ ರೇಶಿಯೋ 4.46, ಟ್ರಾನ್ಸ್‌ಫರ್ ಕೇಸ್‌ನ ನಿಧಾನದ ಗೇರ್ ಅಂದ್ರೆ ಲೋ ರೇಂಜ್ 4, ಇವನ್ನ ಆಕ್ಸಲ್ ರೇಶಿಯೋ ಜೊತೆ ಗುಣಿಸಿದ್ರೆ ಕ್ರಾಲ್ ರೇಶಿಯೋ (ಚಕ್ರ ಒಂದು ಸುತ್ತಿಗೆ ಇಂಜಿನ್ ಎಷ್ಟು ಸುತ್ತು ಅನ್ನೋದು, ಜಾಸ್ತಿ ಇದ್ದಷ್ಟೂ ನಿಧಾನಕ್ಕೆ ಬಲವಾಗಿ ಹತ್ತುತ್ತೆ) 73 ಇದ್ದಿದ್ದು 87 ಆಯ್ತು. ಈಗ ಆಕ್ಸಿಲರೇಟರ್ ಮುಟ್ಟದೇ ತೆವಳ್ಕೊಂಡು ಹತ್ತುತ್ತೆ, ನಿಜವಾಗ್ಲೂ ತುಂಬಾ ಖುಷಿ ಆಯ್ತು!

ಇನ್ನೊಂದು ವಿಷಯ, ಚಕ್ರ ಸುಮ್ನೆ ಸುತ್ತೋಕೆ ಶುರುವಾದ್ಮೇಲೆ ಅಲ್ಲ, ಬಂಡೆ ಮುಟ್ಟೋ ಮುಂಚೆನೇ ಲಾಕರ್ (ಒಂದು ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋದು) ಹಾಕಿ. ಸ್ಪೀಡೋಮೀಟರ್ ಕೂಡ ಹೊಸ ಟೈರ್‌ಗೆ ತಕ್ಕಂಗೆ ಸೆಟ್ ಮಾಡಿಸ್ಬೇಕು.